ಕೊಕ್ಕರೆ ಮರದ ಕೆಳಗೆ ಚಪ್ಪರ

"ಗಾಡಿಗಟ್ಲೆ ಗರ್ನಾಲು ಹೇಳವ್ರೆ ಕಣೇ ಬೇಟಿ, ನಿನ್ ಮದ್ವೇಗೆ. ನಮ್ಮೆಜಮಾನ್ರ ಹತ್ರಾನೇ ಹೇಳವ್ರೆ. ಕೈ ಸಡ್ಲ ಬುಡು, ಬಳೆ ಒಡೀತದೆ."

ಪುಟ್ಟಕ್ಕ ಸಡಿಲ ಬಿಡಲಿಲ್ಲ. ಬಳೆಗಾರ್ತಿ ಖಾಜಾಬಿಯ ಬೆರಳುಗಳ ನಡುವೆ ಹಸಿರು ಬಳೆ ಚಟ್ಟೆಂದು ಒಡೆದು ಜಗಲಿಯ ಮೇಲೆ ಬಿತ್ತು.

"ಯಾರು ಬೂಬಮ್ಮ ಹೇಳಿದ್ದು?"

"ಮದ್ದಗಿರಿಯೋರು, ಇನ್ಯಾರು. ಗಂಡಿನ ಸೋದರಮಾವ ಕಾಟಪ್ಪ ಬಂದಿದ್ದ. ಧಾರೆ ಹೊತ್ಗೆ ಸದ್ದು ಶಿರಾ ಕೋಟೇಗೆ ಕೇಳಿಸ್ಬೇಕಂತೆ."

ಖಾಜಾಬಿಯ ಗಂಡ ನಸ್ರುಲ್ಲಾ ಶಿರಾದಲ್ಲಿ ಬಾಣ ಬಿರುಸು ಮಾಡುವವನು. ಕಬ್ಬಿಣದ ಕೊಳವೆಗೆ ಮದ್ದು ಜಡಿದು ಅವನು ಹಾರಿಸುವ ಗರ್ನಾಲಿಗೆ ಕಟ್ಟಿಹಾಕಿದ ಎತ್ತುಗಳು ಹಗ್ಗ ಕಿತ್ತುಕೊಂಡು ಓಡುತ್ತಿದ್ದವು. ಬೇರೆ ಊರಿನ ಹುಡುಗಿಯಾಗಿದ್ದರೆ ಈ ಸುದ್ದಿಗೆ ಹಿಗ್ಗುತ್ತಿದ್ದಳು. ಪುಟ್ಟಕ್ಕ ತಲೆಯೆತ್ತಿ ಎದುರಿನ ಹುಣಸೇಮರ ನೋಡಿದಳು. ಅದರಲ್ಲಿ ಎಲೆಗಿಂತ ಕೊಕ್ಕರೆಯೇ ಹೆಚ್ಚಿದ್ದಂತಿತ್ತು. ಹಳದಿ ಕೊಕ್ಕಿನ, ಬಾಲದ ಹತ್ತಿರ ಗುಲಾಬಿ ಬಳಿದುಕೊಂಡಂತಿದ್ದ ದೊಡ್ಡ ಕೊಕ್ಕರೆಗಳು ಬಿಸಿಲಿಗೆ ರೆಕ್ಕೆ ಹರಡಿ, ಗೂಡಿನ ಮರಿಗಳಿಗೆ ನೆರಳು ಹಿಡಿದು ನಿಂತಿದ್ದವು. ಮೇಲಿಂದ ಮೀನಿನ ಚೂರೊಂದು ಬಂದು ಜಗಲಿಯ ಅಂಚಿಗೆ ಬಿತ್ತು. ಖಾಜಾಬಿ ಬಳೆ ಮಲಾರವನ್ನು ಒಳಕ್ಕೆ ಎಳೆದುಕೊಂಡಳು.

ಮದಲೂರು ಕೆರೆಯ ಹಿಂದಿನ ಆ ಪುಟ್ಟ ಊರಿಗೆ ಕೆರೆ ತುಂಬಿದ ವರ್ಷಗಳಲ್ಲಿ ಈ ಹಕ್ಕಿಗಳು ಮರಿ ಮಾಡಲು ಬರುತ್ತಿದ್ದವು. ಬಂದು ಕೂತಾಗಿನಿಂದ ಮರಿ ಹಾರುವ ತನಕ ಊರೊಳಗೆ ವಾಲಗವಿಲ್ಲ, ಕೋವಿಯಿಲ್ಲ. ಹೆಣ ಹೊತ್ತರೂ ತಮಟೆ ಊರಾಚೆಗೇ. ಸದ್ದಿಗೆ ದೊಡ್ಡವು ಒಟ್ಟಿಗೆ ಎದ್ದುಬಿಟ್ಟರೆ, ಹಾರಲು ಬಾರದ ಮರಿಗಳು ಗಾಬರಿಯಾಗಿ ಹುಣಸೆಕಾಯಿಯ ಹಾಗೆ ಉದುರುತ್ತಿದ್ದವು. ಹಿಂದೆ ಯಾರೋ ಕೋವಿ ಹಾರಿಸಿ, ಎಷ್ಟೋ ವರ್ಷ ಹಕ್ಕಿ ಈ ಕಡೆ ತಲೆ ಹಾಕಿರಲಿಲ್ಲ. ಆ ವರ್ಷಗಳಲ್ಲಿ ಹೊಲಕ್ಕೆ ಹಿಕ್ಕೆ ಗೊಬ್ಬರವೂ ಸಿಗಲಿಲ್ಲ, ಮಳೆಯೂ ಬರಲಿಲ್ಲ ಎಂದು ಹಳಬರು ಹೇಳುತ್ತಿದ್ದರು. ಅದಕ್ಕೇ ಊರಿನ ಮದುವೆಗಳು ಹಕ್ಕಿ ಬರುವ ಮುಂಚೆ, ಮಾಘದಲ್ಲೇ ಮುಗಿಯುತ್ತಿದ್ದವು.

ಪುಟ್ಟಕ್ಕನ ಅಪ್ಪ ಪಾಲಣ್ಣ ಲಗ್ನವನ್ನು ಜ್ಯೇಷ್ಠದ ಕೊನೆಗೆ ಇಡಿಸಿದ್ದ. ಅಷ್ಟರೊಳಗೆ ಮರಿಗಳು ಹಾರಿಹೋಗುತ್ತವೆ ಎಂಬ ಲೆಕ್ಕ. ಈ ಸಲ ಕೊಕ್ಕರೆಗಳೇ ತಡವಾಗಿ ಬಂದವು. ಲಗ್ನ ಬಾಗಿಲಿಗೆ ಬಂತು, ಮರಿಗಳ ಮೈಮೇಲೆ ಇನ್ನೂ ಹತ್ತಿಯಂಥ ತುಪ್ಪುಳು. ವಾಲಗದವರನ್ನು ಕೆರೆ ಏರಿಯ ಮೇಲೆಯೇ ನಿಲ್ಲಿಸಿಬಿಡೋಣ ಎಂದು ಪಾಲಣ್ಣ ಗಂಡಿನವರಿಗೆ ಹೇಳಿ ಕಳಿಸಿದ್ದ. ಅದಕ್ಕೆ ಉತ್ತರವಾಗಿ ಗರ್ನಾಲು ಬರುತ್ತಿತ್ತು.

"ಇನ್ನೂ ಒಂದು ಮಾತು ಅಂದ್ನಂತೆ, ಹೇಳ್ಲೋ ಬ್ಯಾಡ್ವೋ," ಎಂದಳು ಖಾಜಾಬಿ. ಆಮೇಲೆ ಹೇಳಿಯೇಬಿಟ್ಟಳು. "ವಾಲಗ ಇಲ್ದೆ ಹಸೆಮಣೆ ಏರ್ಸಕ್ಕೆ ಇದೇನ್ ಕೂಡಿಕೆಯಾ ಅಂದ್ನಂತೆ."

ಪುಟ್ಟಕ್ಕನ ಕಿವಿ ಕಾದವು. ಗಂಡ ಸತ್ತವಳಿಗೋ ಬಿಟ್ಟವಳಿಗೋ ಮತ್ತೊಬ್ಬನಿಂದ ಸೀರೆ ಕೊಡಿಸಿ, ಕತ್ತಲಲ್ಲಿ ಸದ್ದಿಲ್ಲದೆ ಮುಗಿಸುವ ಮದುವೆಗೆ ಕೂಡಿಕೆ ಅನ್ನುತ್ತಿದ್ದರು.

ಕಾಟಪ್ಪನಿಗೆ ಮದುವೆ ವಯಸ್ಸಿನ ಮಗಳಿದ್ದಾಳೆಂಬುದು ಎಲ್ಲರಿಗೂ ಗೊತ್ತಿತ್ತು. ಅಕ್ಕನ ಮಗ ಓಬಳೇಶನಿಗೆ ಅವಳೇ ಎಂದು ತೊಟ್ಟಿಲಲ್ಲೇ ಗೊತ್ತು ಮಾಡಿಕೊಂಡಿದ್ದ. ಓಬಳೇಶ ಶಿರಾ ಸಂತೆಯಲ್ಲಿ ಪುಟ್ಟಕ್ಕನನ್ನು ನೋಡಿ ಇವಳೇ ಬೇಕೆಂದು ಕೂತ. ಈಗ ಹೆಣ್ಣಿನವರು ಗರ್ನಾಲು ಬೇಡವೆಂದರೆ ಸಾಕು, ಕಾಟಪ್ಪ ಮದುವೆ ಮುರಿದು ವೀಳ್ಯ ವಾಪಸು ಕೊಡಿಸುತ್ತಿದ್ದ. ಮುಂದೆ ಆಷಾಢ, ಅದು ಕಳೆಯುವುದರೊಳಗೆ ಹುಡುಗನ ಮನಸ್ಸು ತಿರುಗಿಸುವುದು ಕಷ್ಟವಿರಲಿಲ್ಲ.

ಮಧ್ಯಾಹ್ನ ಉಣ್ಣಲು ಬಂದ ಪಾಲಣ್ಣ ಸುದ್ದಿ ಕೇಳಿ ಉಣ್ಣಲಿಲ್ಲ. ರುಮಾಲು ಸುತ್ತಿಕೊಂಡ, ಬಿಚ್ಚಿದ, ಮರದ ತನಕ ಹೋಗಿ ವಾಪಸು ಬಂದ. ಮದುವೆಯನ್ನು ಮದ್ದಗಿರಿಯಲ್ಲೇ ಮಾಡಿಕೊಳ್ಳಿ ಎಂದು ಮೊದಲೇ ಕೇಳಿದ್ದನಂತೆ. ಹೆಣ್ಣಿನ ಮನೆ ಹೊಸ್ತಿಲಲ್ಲೇ ಮದುವೆ ಎಂದು ವೀಳ್ಯ ಹಿಡಿದು ಆಡಿದ ಮಾತು ಬದಲಾಗದು ಎಂದಿದ್ದನಂತೆ ಕಾಟಪ್ಪ. ಊರ ಹಿರಿಯರನ್ನು ಕೇಳೋಣ ಎಂದಳು ಅವ್ವ ಕದರಮ್ಮ. ಪಾಲಣ್ಣ ಆಗಲೇ ಕೇಳಿ ಬಂದಿದ್ದ. ಹಾರಿಸು ಅಂತಲೂ ಅನ್ನಲಿಲ್ಲ, ಬೇಡ ಅಂತಲೂ ಅನ್ನಲಿಲ್ಲ, ನಿನ್ನ ಮಗಳ ಮದುವೆ ನಿನ್ನ ಇಷ್ಟ ಅಂದುಬಿಟ್ಟಿದ್ದರು. ಅದಕ್ಕಿಂತ ಬೈದಿದ್ದರೆ ಚೆನ್ನಾಗಿತ್ತು. ಏರಿಯ ಆ ಮಗ್ಗುಲಲ್ಲಿ, ಒಂದೇ ಗಳಿಗೆ ಹಾರಿಸಿದರೆ ಏನಾದೀತು ಎಂದು ಪಾಲಣ್ಣ ಗೋಡೆಗೆ ಹೇಳುವಂತೆ ಹೇಳಿದ.

ಪುಟ್ಟಕ್ಕನಿಗೆ ಕೂತಲ್ಲಿ ಕೂರಲಾಗಲಿಲ್ಲ. ಮೊರ ಹಿಡಿದಳು, ರಾಗಿ ಅರ್ಧಕ್ಕೇ ಬಿಟ್ಟಳು. ನೀರಿಗೆಂದು ಹೊರಟು ಬಿಂದಿಗೆ ಮರೆತಳು. ನಿಜಕ್ಕೂ ಅವಳಿಗೂ ವಾಲಗ ಬೇಕಿತ್ತು. ಸೋದರತ್ತೆ ಹೊನ್ನಕ್ಕ ಹೀಗೇ ಹಕ್ಕಿ ಕೂತ ಕಾಲದಲ್ಲಿ ಮದುವೆಯಾಗಿದ್ದಳು. ಗಂಡನ ಊರು ತಾವರೆಕೆರೆಯಲ್ಲಿ ಅವಳಿಗೆ ಇವತ್ತಿಗೂ ಕಳ್ಳ ಬೆಕ್ಕಿನ ಹಾಗೆ ಬಂದವಳು ಎಂಬ ಹೆಸರಿತ್ತು. ಮದುವೆ ಕೆಲಸಕ್ಕೆಂದು ಬಂದಿದ್ದ ಅವಳು ಹಿತ್ತಲಲ್ಲಿ ಹಪ್ಪಳ ಒಣಹಾಕುತ್ತಿದ್ದಳು.

"ಅತ್ತೆ, ಸದ್ದಿಲ್ದೆ ಮದ್ವೆ ಆಯ್ತಲ್ಲ, ನಿಂಗೆ ಬೇಜಾರಾಗ್ಲಿಲ್ವಾ?"

"ಒಂದಿನದ ವಾಲಗ ತಪ್ತು. ಆಮೇಲೆ ನಮ್ಮತ್ತೆ ದಿನಾ ಊದಿದ್ಲು ಬುಡು."

ಪುಟ್ಟಕ್ಕ ನಗಲಿಲ್ಲ. ಹೊನ್ನಕ್ಕ ಹಪ್ಪಳವೊಂದನ್ನು ಮಗುಚಿ ಹಾಕಿ, ದನಿ ತಗ್ಗಿಸಿದಳು.

"ಕೂಡಿಕೇಲಿ ಬಂದೋಳು ಅಂತ ನಮ್ಮತ್ತೆ ಅಂದಾಗ ನಮ್ಮನೆಯೋರು ಅಲ್ಲೇ ತಲೆ ತಗ್ಸಿ ಉಣ್ತಾ ಕೂತಿದ್ರು ಕಣಮ್ಮಿ. ಅಲ್ಲ ಕಣವ್ವ ಅಂತ ಒಂದ್ ಮಾತು ಅನ್ನಲಿಲ್ಲ. ಸದ್ದು ಬೇಕಿತ್ತು ಅನ್ಸಿದ್ದು ಅವತ್ತು."

ಪುಟ್ಟಕ್ಕ ಹಿತ್ತಲಿಂದಲೇ ಓಡಿದಳು. ಖಾಜಾಬಿ ಊರ ಕೊನೆಯ ಮನೆಯಲ್ಲಿ ಬಳೆ ತೊಡಿಸಿ ಮಲಾರ ಹೆಗಲಿಗೇರಿಸುತ್ತಿದ್ದಳು.

"ಬೂಬಮ್ಮ, ನಿಮ್ಮೆಜಮಾನ್ರು ಸಾಬಣ್ಣ ಮದ್ದಗಿರಿಗೆ ಹೋಗ್ತಾರಾ?"

"ಹೋಗ್ಲೇಬೇಕಲ್ಲ, ಕೊಳವೆ ಎಷ್ಟು ಅಂತ ಕೇಳಾಕೆ."

"ಹಂಗಾರೆ ಸಾಬಣ್ಣ ಮದ್ವೆ ಗಂಡನ್ನೇ ಕೇಳ್ಬೇಕು. ಗರ್ನಾಲು ಹೇಳಿದ್ದು ಅವ್ರ ಮಾವನೋ ಅವ್ರೋ ಅಂತ. ಅವ್ರೇ ಆದ್ರೆ ಬಂದು ನಮ್ ಮರದಡಿ ನಿಂತ್ಕೊಂಡು, ನನ್ ಮುಂದೆ ಹೇಳ್ಲಿ."

"ತೌಬಾ. ಮದ್ವೆ ಹುಡ್ಗಿ ಗಂಡನ್ನ ಕರೆಸ್ತೀಯಾ? ನಿಮ್ಮಪ್ಪ ನನ್ ಮಲಾರ ಕೆರೇಗೆಸೀತಾನೆ."

ಆದರೂ ಒಪ್ಪಿಕೊಂಡಳು.

ಆಮೇಲಿನ ದಿನಗಳು ಸಾಗಲೊಲ್ಲವು. ಏರಿಯ ಕಡೆ ಧೂಳೆದ್ದರೆ ಪುಟ್ಟಕ್ಕ ಎದ್ದು ನಿಲ್ಲುವಳು. ಬರೀ ಕುರಿ ಮಂದೆಯಾಗಿರುತ್ತಿತ್ತು. ಚಪ್ಪರದ ಗಳ ತಂದು ಹಾಕಿದರು, ಯಾರೂ ಗುಣಿ ತೋಡಲಿಲ್ಲ. ಒಂದು ಮಧ್ಯಾಹ್ನ ಗಾಳಿಗೆ ಮರಿಯೊಂದು ಉದುರಿತು. ಅವಳು ನಾಯಿಗಿಂತ ಮೊದಲು ಓಡಿ ಸೆರಗಿನಲ್ಲಿ ಎತ್ತಿಕೊಂಡಳು. ಅದು ಹೆದರಿ ಸೆರಗಿನ ತುಂಬ ಮೀನು ಕಾರಿತು. ಪಾಲಣ್ಣ ಬೈದುಕೊಳ್ಳುತ್ತಲೇ ಏಣಿ ತಂದು, ಮರಿಯನ್ನು ಕುಕ್ಕೆಯಲ್ಲಿಟ್ಟುಕೊಂಡು ಹತ್ತಿದ. ಮೇಲಿನ ಕೊಕ್ಕರೆಯಿಂದ ಕೈಗೆ ಕುಕ್ಕಿಸಿಕೊಂಡು, ಮರಿಯನ್ನು ಗೂಡಿಗೆ ಸೇರಿಸಿ ಇಳಿದು ಬಂದ. ಆಮೇಲೆ ಒಂದೇ ಗಳಿಗೆ ಎಂಬ ಮಾತನ್ನು ಅವನು ಎತ್ತಲಿಲ್ಲ. ಬೇರೆ ಏನು ಮಾಡುವುದೆಂದೂ ಹೇಳಲಿಲ್ಲ.

ಮಾರನೆಯ ದಿನ ಖಾಜಾಬಿ ಬಂದಳು. ಮಲಾರ ಇಳಿಸುವ ಮುಂಚೆಯೇ ಪುಟ್ಟಕ್ಕ ಅವಳ ಕೈ ಹಿಡಿದಳು.

ನಸ್ರುಲ್ಲಾ ಕಾಟಪ್ಪನ ಮುಂದೆಯೇ ಮಾತು ಎತ್ತಿದ್ದನಂತೆ. ಹುಡುಗ ಬಾಯಿ ತೆರೆಯುವ ಮುಂಚೆ ಕಾಟಪ್ಪನೇ ಉತ್ತರ ಕೊಟ್ಟು ಮುಗಿಸಿದನಂತೆ. ಓಬಳೇಶ ತಲೆ ತಗ್ಗಿಸಿ ಕೂತಿದ್ದನಂತೆ. ಅಷ್ಟು ಕೇಳಿ ಪುಟ್ಟಕ್ಕ ಖಾಜಾಬಿಯ ಕೈ ಬಿಟ್ಟಳು.

"ತಡ್ಕೊಳೇ, ಇನ್ನೂ ಅದೆ," ಎಂದಳು ಖಾಜಾಬಿ. "ನಮ್ಮೆಜಮಾನ್ರು ಮೋಟಾರ್ ಹತ್ತೋ ಹೊತ್ಗೆ ಹುಡ್ಗ ಹಿಂದಿಂದ ಓಡಿ ಬಂದ್ನಂತೆ. ಅವ್ಳು ಏನಂದ್ಲು ಇನ್ನೊಂದ್ಸಲ ಹೇಳಿ ಸಾಬ್ರೇ ಅಂದ್ನಂತೆ. ಗರ್ನಾಲು ನಾನ್ ಹೇಳಿಲ್ಲ, ಮಾವ ಹೇಳ್ದಾಗ ಬ್ಯಾಡ ಅಂತಾನೂ ಅನ್ನಲಿಲ್ಲ ಅಂದ್ನಂತೆ. ನಾಳೆ ಬತ್ತಾನಂತೆ, ಒಬ್ನೇ."

"ಮಾವನ್ಗೆ ಹೇಳಿ ಬತ್ತಾರಾ, ಕದ್ದು ಬತ್ತಾರಾ?"

"ಅದ ನೀನೇ ಕೇಳು."

ಬಾಗಿಲಲ್ಲಿ ಪಾಲಣ್ಣ ನಿಂತಿದ್ದ. ಯಾವಾಗ ಬಂದನೋ ಇಬ್ಬರೂ ನೋಡಿರಲಿಲ್ಲ. ಖಾಜಾಬಿ ಮಲಾರವನ್ನು ಮೆಲ್ಲಗೆ ಬೆನ್ನ ಹಿಂದಕ್ಕೆ ಸರಿಸಿದಳು. ಪಾಲಣ್ಣ ಕೊಕ್ಕರೆ ಕುಕ್ಕಿದ ಕೈಯನ್ನು ಉಜ್ಜಿಕೊಳ್ಳುತ್ತ ಮಗಳನ್ನೇ ನೋಡಿದ.

"ಯಾವ ಹೊತ್ಗೆ ಬತ್ತಾನಂತೆ?"

"ಇವತ್ತೇ ಶಿರಾಗೆ ಬಂದು ಉಳ್ಕೊತಾನಂತೆ. ಬಿಸ್ಲೇರೋಕ್ ಮುಂಚೆ ಇಲ್ಲಿರ್ತಾನೆ," ಎಂದಳು ಖಾಜಾಬಿ.

"ಬರ್ಲಿ," ಎಂದ ಪಾಲಣ್ಣ. "ನಾಳೆ ಬಿಸ್ಲೇರೋಕ್ ಮುಂಚೆ, ಮರದಡೀಲಿ. ನಾನೂ ಇರ್ತೀನಿ. ಮಾತು ನೀನೇ ಆಡು."