ಮೈಲವ್ವನ ಕೈ ಮತ್ತು ಚಿಪ್‌ನ ಗಡಿಯಾರ

ತೊಂಬತ್ತಮೂರನೆಯ ಇಸವಿಯ ಶ್ರಾವಣ, ಮುಂಜಾನೆ ಹತ್ತರ ಸುಮಾರು, ಹೊರಗೆ ಜಿಟಿಜಿಟಿ ಮಳೆ. ರಾಣೆಬೆನ್ನೂರಿನ ಬೀಜದ ಗೋದಾಮಿನಲ್ಲಿ ನಾನು ಚೀಲ ಹೊತ್ತು ಮಷೀನಿಗೆ ಬೀಜ ಸುರಿಯುವವನು. ಮೈಲವ್ವ ಅದೇ ಮಷೀನಿನ ಮುಂದೆ ಕುಳಿತು ಮೆಣಸಿನ ಬೀಜದ ಪಾಕೀಟು ಇಡುವವಳು. ಕಾದ ಕಬ್ಬಿಣದ ಪಟ್ಟಿ ಮೇಲಿನಿಂದ ಇಳಿದು ಪಾಕೀಟಿನ ಬಾಯಿ ಮುಚ್ಚುತ್ತಿತ್ತು. ಕೈ ಅಡ್ಡ ಬಂದರೆ ಬೆಳಕಿನ ಕಣ್ಣೊಂದು ಕಂಡು ಪಟ್ಟಿಯನ್ನು ತಡೆಯಬೇಕು. ಅವತ್ತು ತಡೆಯಲಿಲ್ಲ. ಮೈಲವ್ವನ ಎರಡು ಬೆರಳಿನ ತುದಿ ಸುಟ್ಟು ಗುಳ್ಳೆ ಎದ್ದವು.

ಮಷೀನನ್ನು ನಡೆಸುವ ಪುಟ್ಟ ಚಿಪ್ ಬರೆದವನು ಹಾವೇರಿಯ ಶಮಶೇರಸಾಬ. ಗೋದಾಮಿನ ಸಾವಕಾರ ಪರಮೇಶಪ್ಪ ಕರೆಸಿದ್ದಕ್ಕೆ ಬಂದು ಎಂಟು ದಿನ ಅಲ್ಲೇ ಕುಳಿತ. ಬೆಳಕಿನ ಕಣ್ಣು ನೆಟ್ಟಗಿತ್ತು, ತಂತಿ ನೆಟ್ಟಗಿತ್ತು. ಕಡೆಗೊಂದು ದಿನ ಚಹಾ ಕುಡಿಯುತ್ತ ನನಗೆ ಹೇಳಿದ:

"ಗುಡದಪ್ಪಕಾಕಾ, ಚಿಪ್‌ನ್ಯಾಗ ಒಂದು ಗಡಿಯಾರ ಐತಿ. ಅದು ಟಿಕ್ ಅಂದಾಗಷ್ಟ ಕೈ ಐತೋ ಇಲ್ಲೋ ನೋಡತೈತಿ. ಕೈ ಅದ ಗಳಿಗ್ಯಾಗ ಬಂತಂದ್ರ ಹೌದೂ ಅಲ್ಲ, ಇಲ್ಲನೂ ಅಲ್ಲ, ನಡುವ ತೂಗಾಡತೈತಿ. ಚಿಪ್‌ನ ಒಂದು ಮೂಲಿ ಕೈ ಐತಿ ಅಂತೈತಿ, ಇನ್ನೊಂದು ಮೂಲಿ ಇಲ್ಲ ಅಂತ ಪಟ್ಟಿ ಇಳಸತೈತಿ."

ಮೈಲವ್ವ ಮಷೀನಿನ ಮುಂದೆ ಕುಳಿತಲ್ಲಿಂದಲೇ ಅಂದಳು: "ಅಂದ್ರ ನನ್ನ ಕೈ ನಿನ್ನ ಗಡಿಯಾರ ಕೇಳಿ ಬರಬೇಕೇನೋ, ಶಾಣ್ಯಾ?"

"ಇಲ್ಲಕ್ಕಾ. ಒಬ್ಬರ ಹಿಂದ ಒಬ್ಬರು, ಚಿಪ್‌ನ್ಯಾಗ ಇಬ್ಬರು ಕಾವಲುಗಾರರನ್ನ ನಿಲ್ಲಸತೇನಿ. ಮೊದಲನೆಯವ ತೂಗಾಡ್ಲಿ. ಇನ್ನೊಂದು ಟಿಕ್ ಅನ್ನೂದ್ರಾಗ ಯಾವದರ ಕಡೆ ವಾಲತಾನ. ಎರಡನೆಯವ ಹೇಳಿದ್ದಷ್ಟ ಎಲ್ಲಾರೂ ಕೇಳೂದು."

"ಅಷ್ಟರಾಗೂ ವಾಲಲಿಲ್ಲಂದ್ರ?" ಎಂದೆ ನಾನು.

ಅವನು ಚಹಾದ ಬಸಿ ಕೆಳಗಿಟ್ಟ. "ವರ್ಷಾನುಗಟ್ಟಲೆ ಹಂಗ ಆಗಾಂಗಿಲ್ಲ ಕಾಕಾ. ಎಂದೂ ಆಗಾಂಗಿಲ್ಲ ಅಂತ ಹೇಳಾಕ ಬರಾಂಗಿಲ್ಲ."

ಚಿಪ್‌ನಲ್ಲಿ ಜಾಗ ಮುಗಿದಿತ್ತು. ಪಾಕೀಟು ಎಷ್ಟಾದವು ಎಂದು ಕೆಂಪಗೆ ತೋರಿಸುವ ಅಂಕಿಗಳನ್ನು ತೆಗೆದರೆ ಮಾತ್ರ ಇಬ್ಬರು ಕಾವಲುಗಾರರಿಗೆ ಎಡೆ. ಶಮಶೇರ ಅಂಕಿಗಳನ್ನೇ ತೆಗೆದ. ಅಲ್ಲಿಂದ ದಸರೆಯ ತನಕ ಪಟ್ಟಿ ಒಮ್ಮೆಯೂ ತಪ್ಪಿ ಇಳಿಯಲಿಲ್ಲ. ಆದರೆ ಬ್ಯಾಡಗಿಯಿಂದ ಬಂದ ವ್ಯಾಪಾರಸ್ಥರಿಗೆಲ್ಲ ಸಾವಕಾರ ಮೊದಲು ಆ ಅಂಕಿಗಳನ್ನೇ ತೋರಿಸುತ್ತಿದ್ದ. ಅಂಕಿ ಹೋದ ದಿನದಿಂದ ಅವನ ಮುಖ ಬಿಗಿದೇ ಇತ್ತು.

ಖಂಡೇಪೂಜೆಯ, ಅಂದರೆ ಆಯುಧಪೂಜೆಯ, ದಿನ ಮಷೀನು ರಿಪೇರಿ ಮಾಡಿದವನು ಅದನ್ನು ಮುಟ್ಟಿ ಮಾತು ಕೊಡುವುದು ಆ ಗೋದಾಮಿನ ರೂಢಿ. ಎಲ್ಲರೂ ಕೊಡುತ್ತಿದ್ದರು, ಯಾರೂ ಅದನ್ನು ತೂಗಿ ನೋಡುತ್ತಿರಲಿಲ್ಲ. ಶಮಶೇರ ಮಷೀನಿಗೆ ಹಾಕಿದ ಹೂವಿನ ಹಾರದ ಮೇಲೆ ಕೈಯಿಟ್ಟ.

"ಇನ್ನ ಮ್ಯಾಲ ಎಂದೂ ತಪ್ಪಾಂಗಿಲ್ಲ ಅನ್ನು," ಎಂದ ಪರಮೇಶಪ್ಪ.

"ಭಾಳ ಅಪರೂಪ ರೀ ಸಾವಕಾರ್ರ."

"ಅಪರೂಪ ಅಂತ ಕೇಳಿಲ್ಲೋ ನಾನು. ಎಂದೂ ಅನ್ನು."

"ಅದು ಯಾರ ಕೈಲೂ ಆಗಾಂಗಿಲ್ರಿ. ಮುಟ್ಟಿ ಸುಳ್ಳ ಹೆಂಗ ಹೇಳ್ಲಿ?"

ಹಿಂದಿನಿಂದ ನಾನು ಅವನ ಅಂಗಿ ಜಗ್ಗಿದೆ. ಅವನು ತಿರುಗಿ ನೋಡಲಿಲ್ಲ.

"ನೋಡ್ರೆಪಾ, ತನ್ನ ಕೆಲಸದ ಮ್ಯಾಲ ತನಗ ನಂಬಿಕಿ ಇಲ್ಲ!" ಎಂದು ಪರಮೇಶಪ್ಪ ನಕ್ಕ. ನೆರೆದವರೂ ನಕ್ಕರು.

ಸೋಮವಾರ ಶಮಶೇರನನ್ನು ಬಿಡಿಸಿ, ದಾವಣಗೆರೆ ಕಡೆಯ ಇನ್ನೊಬ್ಬ ಚಿಪ್ ಬರೆಯುವವನನ್ನು ಕರೆತಂದರು. ಅವನು ಮಷೀನು ಮುಟ್ಟಿ, ಕೇಳುವ ಮೊದಲೇ "ಎಂದೂ ತಪ್ಪಲ್ಲ ಸಾರ್" ಎಂದ. ಮಂಗಳವಾರ ಹೊಸ ಚಿಪ್ ಕೂತಿತು. ಕೆಂಪು ಅಂಕಿಗಳು ಮತ್ತೆ ಹೊತ್ತಿದವು. ಕಾವಲುಗಾರರು ಇರಲಿಲ್ಲ.

ಸಾಮಾನು ಒಯ್ಯಲು ಬಂದ ಶಮಶೇರ ಮೈಲವ್ವನ ಹತ್ತಿರ ಕುಕ್ಕರುಗಾಲಲ್ಲಿ ಕುಳಿತ. "ಅಕ್ಕಾ, ಇದರ ಮುಂದ ಕುಂದ್ರಬ್ಯಾಡ. ಕೈ ಮುಗೀತೇನಿ."

"ಎಲ್ಲಿ ಕುಂದ್ರಲೋ ಮತ್ತ? ನಿನಗ ಹತ್ತು ಊರು ಅದಾವ. ನನಗ ಇದೊಂದ ಬಾಗಲಾ."

"ಮತ್ತ ಸುಟ್ಟರ?"

"ಸುಟ್ಟರ ಸುಡತೈತಿ. ಎದ್ದೇಳು, ಸಾವಕಾರ ನೋಡಾಕತ್ಯಾನ." ಅವಳು ಮುಂದಿನ ಪಾಕೀಟನ್ನು ಪಟ್ಟಿಯ ಕೆಳಗೆ ಇಟ್ಟಳು.

ಅವನು ಏಳಲಿಲ್ಲ. ನಾನೇ ರಟ್ಟೆ ಹಿಡಿದು ಎಬ್ಬಿಸಿ ಬಾಗಿಲ ತನಕ ಕರೆದುಕೊಂಡು ಹೋದೆ. ಮರುದಿನ, ಬುಧವಾರ, ಹಾವೇರಿ ಬಸ್ಸಿಗೆ ಶಮಶೇರಸಾಬ ಹೋದ.