ಎಡಕ್ಕೆ ತಿರುಗಿದರೆ ಕೂಗುವ ಕಾರು

ನನ್ನ ಮೈದುನ ಡ್ವೇನ್ ಒಳ್ಳೆಯವನು. ಈ ಜನ್ಮದಲ್ಲಿ ನನಗೆ ಹೆಚ್ಚು ತೊಂದರೆಯಾಗಿರುವುದು ಒಳ್ಳೆಯವರಿಂದಲೇ. ಚಳಿಗಾಲದಲ್ಲಿ ನನ್ನ ಗಂಡ ಆರ್ವಿಲ್‌ನ ಕಣ್ಣು ಪೂರ್ತಿ ಮಂಜಾಗಿ, ಕಾರು ಓಡಿಸುವುದು ನನ್ನ ಪಾಲಿಗೆ ಬಂತಲ್ಲ, ಅತ್ತಿಗೆ ದಾರಿಯಲ್ಲಿ ಸಿಕ್ಕಿಹಾಕಿಕೊಳ್ಳಬಾರದೆಂದು ಈ ಪುಣ್ಯಾತ್ಮ ಮೇ ತಿಂಗಳಲ್ಲಿ ಹೇಳದೆ ಕೇಳದೆ ನಮ್ಮ ಫಿಂಚನ್ನು ಒಯ್ದು ರಿಪೇರಿ ಮಾಡಿಸಿಬಿಟ್ಟ.

ಫಿಂಚ್ ಎಂದರೆ ಎಪ್ಪತ್ತೊಂದರ ಮಾಡೆಲ್ಲಿನ ಪುಟ್ಟ ಕಾರು. ಅದನ್ನು ಮಾಡಿದ ಕಂಪನಿ ಮುಳುಗಿ ಎಷ್ಟೋ ಕಾಲವಾಯಿತು. ಮುಳುಗಬೇಕಾದ್ದೇ! ಮಳೆ ಬಂದರೆ ಸ್ಟಾರ್ಟ್ ಆಗುತ್ತಿರಲಿಲ್ಲ, ಬಿಸಿಲು ಬಂದರೆ ನಿಂತುಬಿಡುತ್ತಿತ್ತು. ನನ್ನ ಮದುವೆಯ ದಿನ ಚರ್ಚು ನಾಲ್ಕು ಮೈಲಿ ದೂರವಿರುವಾಗ ಬಾಗಿಲು ಕಳಚಿ ನನ್ನ ಕೈಗೇ ಬಂತು. ಅದನ್ನು ತೊಡೆಯ ಮೇಲಿಟ್ಟುಕೊಂಡೇ ಹೋಗಿ ಮದುವೆಯಾದೆ. ಇಷ್ಟು ಸಾಲದೆಂಬಂತೆ, ಸ್ಟಿಯರಿಂಗನ್ನು ಎಡಕ್ಕೆ ತಿರುಗಿಸಿದರೆ ಹಾರ್ನು ತಾನಾಗಿಯೇ ಕೂಗಿಕೊಳ್ಳುತ್ತಿತ್ತು. ಹೆದ್ದಾರಿಯಿಂದ ನಮ್ಮ ಬೀದಿ ಎಡಕ್ಕೆ. ನಲವತ್ತೆಂಟು ವರ್ಷ, ಮೂಲೆಯಲ್ಲಿ ಅದು ಅರಚಿದ ಕೂಡಲೇ ನಾನು ಕಾಫಿಗೆ ಇಡುತ್ತಿದ್ದೆ. ಆರ್ವಿಲ್ ಒಳಗೆ ಬರುವಷ್ಟರಲ್ಲಿ ಕಾಫಿ ಸಿದ್ಧ.

ಕಣ್ಣು ಹೋದ ಮೇಲೆ ಇದು ಅದಲುಬದಲಾಯಿತು. ನಾನು ಪೇಟೆಯಿಂದ ಬರುವಾಗ ಹಾರ್ನು ಕೇಳಿ ಅವನು ತಡಕಾಡಿಕೊಂಡು ಎದ್ದು ಕಾಫಿಗೆ ಇಡುತ್ತಿದ್ದ. ಅರ್ಧ ಪುಡಿ ನೆಲಕ್ಕೆ, ಅರ್ಧ ಪಾತ್ರೆಗೆ. ಆದರೂ ಆ ಲೋಟ ನನ್ನ ಕೈಗಿಡುವಾಗ ಅವನ ಜಂಬ ನೋಡಬೇಕಿತ್ತು.

ರಿಪೇರಿಯಾದ ಮೊದಲ ದಿನ ನಾನು ಒಳಗೆ ಬಂದರೆ ಕುರ್ಚಿಯಲ್ಲೇ ಬೆಚ್ಚಿಬಿದ್ದ.

"ಯಾರದು?"

"ನಾನೇ ಕಣೋ, ಥೆಲ್ಮಾ."

"ಕಾರೆಲ್ಲಿ? ನಂಗೆ ಕೇಳಿಸ್ಲೇ ಇಲ್ವಲ್ಲೇ..."

ಅಂದು ಕಾಫಿಗೆ ನಾನೇ ಇಟ್ಟೆ. ಮರುದಿನ ಮೂಲೆಯಲ್ಲಿ ನಾನೇ ಹಾರ್ನು ಒತ್ತಿ ನೋಡಿದೆ. "ನನ್ನ ಸಮಾಧಾನಕ್ಕೆ ಒತ್ಬೇಡ. ಅದು ಅಳೋ ರೀತಿ ನಂಗೆ ಗೊತ್ತಿಲ್ವಾ?" ಎಂದ. ಅಂದಿನಿಂದ ಅವನು ಒಲೆಯ ಹತ್ತಿರವೇ ಹೋಗಲಿಲ್ಲ.

ಜುಲೈಯಲ್ಲಿ ಈರಿ ಸರೋವರದ ದಡದಲ್ಲಿ ಫಿಂಚ್ ಕಾರಿನವರೆಲ್ಲ ವರ್ಷಕ್ಕೊಮ್ಮೆ ಸೇರುವ ಊಟ. ಅಲ್ಲಿ ಒಂದೇ ನಿಯಮ: ದಾರಿಯಲ್ಲಿ ಕೆಡದೆ ಬಂದವರು ಎಲ್ಲರ ತಟ್ಟೆ ತೊಳೆಯಬೇಕು. ಇಪ್ಪತ್ತು ವರ್ಷದಲ್ಲಿ ಆ ಶಿಕ್ಷೆ ಯಾರಿಗೂ ಆಗಿರಲಿಲ್ಲ. ಆರ್ವಿಲ್ ಬರಲ್ಲವೆಂದು ಮನೆಯಲ್ಲೇ ಉಳಿದ. ಡ್ವೇನ್‌ನನ್ನು ಪಕ್ಕದಲ್ಲಿ ಕೂರಿಸಿಕೊಂಡು ನಾನು ಎಲ್ಲರಿಗಿಂತ ಮೊದಲು ಹೋಗಿ ಇಳಿದೆ. ನನ್ನ ಗೆಳತಿ ಇಮೊಜೀನ್, ತನ್ನ ಫಿಂಚ್ ದಾರಿಯಲ್ಲಿ ಕೆಡುವುದು ಖಚಿತವೆಂದು, ಹಿಂದಿನ ದಿನವೇ ಹೊರಟು ತಲುಪಿದ್ದಳು, ಅವಳನ್ನು ಲೆಕ್ಕಕ್ಕೆ ಹಿಡಿಯಬಾರದು.

"ಎಲ್ಲೂ ನಿಲ್ಲಲಿಲ್ವೇನೇ?" ಎಂದಳು ಎದೆಯ ಮೇಲೆ ಕೈಯಿಟ್ಟುಕೊಂಡು. "ನಾಚ್ಕೆ ಆಗಲ್ವಾ ನಿಂಗೆ?"

ನಾನು ನಗಬೇಕೆಂದುಕೊಂಡೆ, ಅತ್ತುಬಿಟ್ಟೆ. ಎಲ್ಲರೂ ಬಂದು ಸೇರಿದ ಮೇಲೆ ಕಾಫಿಯ ಕಥೆಯನ್ನು ಹೇಳಿಕೊಂಡೆ. ನಮ್ಮ ಪೈಕಿ ಮೆಕ್ಯಾನಿಕ್ ಆಗಿದ್ದವನು ಸ್ಟಾನ್. ಅವನು ಕೈಯಲ್ಲಿದ್ದ ಜೋಳದ ತೆನೆಯನ್ನು ಕೆಳಗಿಟ್ಟ.

"ನಲವತ್ತು ವರ್ಷ ಈ ಕಾಯಿಲೆ ವಾಸಿ ಮಾಡೋಕೆ ಒದ್ದಾಡಿದೀನಿ ಕಣಮ್ಮ. ಕಾಯಿಲೆ ತರಿಸಿಕೊಡಿ ಅಂತ ಬಂದೋಳು ನೀನೇ ಮೊದಲು."

ಆಮೇಲೆ ನೋಡಬೇಕಿತ್ತು! ಒಂಬತ್ತು ಮುದಿ ತಲೆಗಳು ಒಂದು ಸ್ಟಿಯರಿಂಗಿನ ಕೆಳಗೆ. ಡ್ವೇನ್ ಹಾಕಿಸಿದ್ದ ಹೊಸ ವೈರಿನ ಮೇಲಿನ ರಬ್ಬರನ್ನು ಕೆರೆಯಬೇಕು, ಎಡಕ್ಕೆ ತಿರುಗಿದಾಗ ಮಾತ್ರ ಅದು ಕಬ್ಬಿಣಕ್ಕೆ ತಗುಲಬೇಕು. ಎಲ್ಲಿ ಕೆರೆಯಬೇಕೆಂದು ಜಗಳ.

"ಅಲ್ಲಲ್ಲ, ಇನ್ನೂ ಕೆಳಗೆ! ನಂದು ಅಲ್ಲೇ ಸವೆದಿತ್ತು."

"ನಿನ್ನ ಕಾರು ಬ್ರೇಕ್ ಒತ್ತಿದ್ರೆ ಕೂಗ್ತಿತ್ತು, ಸುಮ್ನಿರೋ!"

"ಮೆಲ್ಲಗೆ ಕೆರಿ ಸ್ಟಾನ್, ಆಲೂಗಡ್ಡೆ ಸುಲೀತಿದೀಯಾ?"

ಕೊನೆಗೆ ಸ್ಟಾನ್ ಸ್ಟಿಯರಿಂಗನ್ನು ಎಡಕ್ಕೆ ಎಳೆದ. ಪೇಂ ಎಂದು ಅದೇ ಹಳೆಯ ದರಿದ್ರ ಕೂಗು! ಬಾತುಗಳು ನೀರಿನಿಂದ ಎದ್ದು ಹಾರಿದವು. ಇಮೊಜೀನ್ ನನ್ನನ್ನು ತಬ್ಬಿಕೊಂಡು ಕುಣಿದಳು. ಚೆನ್ನಾಗಿದ್ದ ಕಾರು ಕೆಟ್ಟಿತೆಂದು ಅಷ್ಟು ಸಂತೋಷಪಟ್ಟವರನ್ನು ನಾನು ಬೇರೆಲ್ಲೂ ಕಂಡಿಲ್ಲ. ನಿಯಮ ನಿಯಮವೇ ಎಂದು ಡ್ವೇನ್‌ನ ಕೈಗೆ ಮೂವತ್ತು ತಟ್ಟೆಗಳನ್ನು ಕೊಟ್ಟರು. "ತಪ್ಪಾಯ್ತು ಅತ್ತಿಗೆ, ಇನ್ಮೇಲೆ ಯಾರಿಗೂ ಉಪಕಾರ ಮಾಡಲ್ಲ" ಎನ್ನುತ್ತ ತೊಳೆದ.

ಬಿಸಿಲಿರುವಾಗಲೇ ಹೊರಟೆವು. ದಾರಿಯಲ್ಲಿ ಎಡಕ್ಕೆ ತಿರುಗಿದಾಗಲೆಲ್ಲ ಅದು ಕೂಗಿತು, ನಾನೂ ಜೊತೆಗೆ ಕೂಗಿದೆ. ಡ್ವೇನ್‌ನನ್ನು ಅವನ ಮನೆಯ ಹತ್ತಿರ ಇಳಿಸಿದೆ. ನಮ್ಮ ಬೀದಿಯ ಮೂಲೆಯಲ್ಲಿ ಜೋರಾಗಿ ಅರಚಿತು. ಮನೆಯಂಗಳಕ್ಕೆ ಬಲಕ್ಕೆ ತಿರುಗಿಸಿದರೆ, ಅಯ್ಯೋ ಶನಿಯೇ, ಅಲ್ಲೂ ಅರಚಿತು! ಸ್ಟಾನ್ ಹೆಚ್ಚೇ ಕೆರೆದಿದ್ದ.

ಬಾಗಿಲು ತೆಗೆದೆ. ಕಾಲಡಿಯಲ್ಲಿ ಕಾಫಿಪುಡಿ ಕರಕರ ಎಂದಿತು. ಆರ್ವಿಲ್ ಒಲೆಯ ಮುಂದೆ ನೆಟ್ಟಗೆ ನಿಂತಿದ್ದ.

"ಎರಡು ಸಲ ಕೂಗ್ತು," ಎಂದ. "ಹಿಂದೇನೇ ಇನ್ನೊಂದು ಫಿಂಚಲ್ಲಿ ಯಾರೋ ಬಂದಿದಾರೆ ಅಂತ ಮೂರು ಲೋಟ ಇಟ್ಟಿದೀನಿ."