ಚಪ್ಪಲಿ ಜೋಡಿಸಿದವರ ಹೆಸರು

ಅಮೆರಿಕದ ಕ್ಯುಪರ್ಟಿನೋದ ಕನ್ನಡ ಮಂದಿ ತಿಂಗಳಿಗೊಂದು ಭಾನುವಾರ ಬಾಡಿಗೆಯ ಹಾಲ್‌ನಲ್ಲಿ ಸೇರಿ ಭಜನೆ ಮಾಡುತ್ತಾರೆ. ಭಜನೆ ಒಂದೂವರೆ ತಾಸು, ಆಮೇಲೆ ಮಂಗಳಾರತಿ, ಪ್ರಸಾದ. ಒಳಗೆ ಜಮಖಾನೆ ಹಾಸಿರುವುದರಿಂದ ಎಲ್ಲರೂ ಚಪ್ಪಲಿ, ಶೂಗಳನ್ನು ಹೊರಗಿನ ಮೊಗಸಾಲೆಯಲ್ಲಿ ಬಿಡಬೇಕು. ಫ್ರೀವೇಯಲ್ಲಿ ಟ್ರಾಫಿಕ್ಕಿಗೆ ಸಿಕ್ಕಿ ತಡವಾಗಿ ಬಂದವರು ಒಂದನ್ನು ಇಲ್ಲಿ, ಇನ್ನೊಂದನ್ನು ಅಲ್ಲಿ ಕಳಚಿ ಒಳಗೆ ನುಗ್ಗುತ್ತಿದ್ದರು. ಆದರೆ ಊಟ ಮುಗಿಸಿ ಹೊರಗೆ ಬರುವಷ್ಟರಲ್ಲಿ ಇನ್ನೂರು ಜೋಡಿಯೂ ಸಾಲಾಗಿ, ಮೂತಿ ಹೊರಕ್ಕೆ ಮಾಡಿಕೊಂಡು, ಕಾಲು ತೂರಿಸಿದರೆ ನಡೆದುಬಿಡಬಹುದು ಎಂಬಂತೆ ಕಾಯುತ್ತಿದ್ದವು. ಹೀಗೆ ಮಾಡುವವರು ಯಾರು ಎಂದು ಮೂರು ವರ್ಷ ಯಾರೂ ಕೇಳಲಿಲ್ಲ.

ಆ ಭಜನೆಗೆ ಬರುವವರಲ್ಲಿ ಅಡಿವೆಪ್ಪನವರೂ ಒಬ್ಬರು. ಬಾಗಲಕೋಟೆಯ ಬಸ್ ಸ್ಟ್ಯಾಂಡಿನಲ್ಲಿ ಇಪ್ಪತ್ತೆಂಟು ವರ್ಷ ಕಂಟ್ರೋಲರ್ ಆಗಿದ್ದವರು. ಯಾವ ಬಸ್ಸು ಯಾವ ಊರಿಗೆ ಎಂದು ಮೈಕಿನಲ್ಲಿ ಕೂಗುವುದು ಅವರ ಕೆಲಸ. ಸಂತೆಗೆ ಹೋದರೆ ಬದನೆಕಾಯಿ ಮಾರುವವಳೂ ಅವರ ದನಿಯನ್ನು ಗುರುತು ಹಿಡಿದು, ಸಾಹೇಬರೇ ಎಂದು ಕರೆದು, ತೂಕದ ಮೇಲೆ ಎರಡು ಕಾಯಿ ಹೆಚ್ಚು ಹಾಕುತ್ತಿದ್ದಳು. ಹೆಂಡತಿ ತೀರಿಕೊಂಡ ಮೇಲೆ ಮಗಳು ವಿಜಯಶ್ರೀ ಇಲ್ಲಿಗೆ ಕರೆಸಿಕೊಂಡಳು. ಬಂದು ನಾಲ್ಕು ವರ್ಷ. ಇಲ್ಲಿ ಅವರ ಹೆಸರು, ವಿಜಯಶ್ರೀಯ ತಂದೆ. ಅದಕ್ಕೆ ಅವರಿಗೇನೂ ಸಿಟ್ಟಿರಲಿಲ್ಲ. ಮುಂಜಾನೆ ಸ್ನಾನ, ಪೂಜೆ, ವಿಭೂತಿ. ಸಂಜೆ ಪಾರ್ಕಿನಲ್ಲಿ ಎರಡು ಸುತ್ತು. ಆದರೆ ಹಾಲಿನಲ್ಲಿ ಯಾರಾದರೂ ಮೈಕು ಹಿಡಿದಾಗ ಅವರ ಗಂಟಲು ತಾನಾಗಿ ಒಮ್ಮೆ ಸರಿಯಾಗುತ್ತಿತ್ತು.

ಜನವರಿಯ ಭಜನೆಯ ದಿನ ಮಳೆ ಹಿಡಿಯಿತು. ಅಡಿವೆಪ್ಪನವರು ಊರಿನಿಂದ ತರಿಸಿಕೊಂಡ ತೊಗಲಿನ ಚಪ್ಪಲಿ ಹಾಕಿಕೊಂಡು ಬಂದಿದ್ದರು. ನೀರು ಬಿದ್ದರೆ ಅವು ಕೆಟ್ಟಂತೆಯೇ. ಭಜನೆಯ ನಡುವೆ ಎದ್ದು ಹೊರಗೆ ಬಂದರು. ನೋಡಿದರೆ, ತೋಯುವ ಕಡೆ ಬಿಟ್ಟಿದ್ದ ಕಾಲ್ಮರಿಗಳೆಲ್ಲ ಆಗಲೇ ಸೂರಿನ ಕೆಳಗೆ ಬಂದು ಸಾಲು ಹಿಡಿದಿದ್ದವು. ತಮ್ಮವು ಗೋಡೆಯ ಕಡೆಗಿದ್ದವು. ಅವುಗಳನ್ನು ಮುಟ್ಟಿ ನೋಡುವುದಕ್ಕೆಂದು ಅಡ್ಡವಿದ್ದ ಒಂದು ಮಗುವಿನ ಶೂಗಳನ್ನು ಕೈಗೆತ್ತಿಕೊಂಡು ಬಗ್ಗಿದ್ದರು. ಅಷ್ಟರಲ್ಲಿ ಫೋನಿನಲ್ಲಿ ಮಾತಾಡಲು ಕಿರಣಕುಮಾರ ಹೊರಗೆ ಬಂದ. ಭಜನೆಯ ಏರ್ಪಾಡು ನೋಡಿಕೊಳ್ಳುವವನು ಅವನೇ. ಸಾಲು ನೋಡಿದ, ಕೈಯಲ್ಲಿದ್ದ ಶೂ ನೋಡಿದ, ಫೋನನ್ನು ಕಿವಿಯಿಂದ ಇಳಿಸಿದ.

"ಇಷ್ಟು ವರ್ಷ ಇದನ್ನ ಮಾಡ್ತಿದ್ದವರು ನೀವಾ, ಅಂಕಲ್?"

ಅಡಿವೆಪ್ಪನವರು ಬಾಯಿ ತೆರೆದರು. ಹೇಳಬೇಕಾದ ಮಾತು ಚಿಕ್ಕದು. ಆದರೆ ಕಿರಣಕುಮಾರ ಆಗಲೇ ಬಗ್ಗಿ ಅವರ ಕಾಲು ಮುಟ್ಟಿದ್ದ. ನಾಲ್ಕು ವರ್ಷದಲ್ಲಿ ಅವರ ಕಾಲು ಮುಟ್ಟಿದವರಿರಲಿಲ್ಲ. ಅವರು ಶೂಗಳನ್ನು ಕೆಳಗಿಟ್ಟು ಕೈಮುಗಿದರು. ಅದನ್ನು ಅವನು ದೊಡ್ಡವರ ವಿನಯವೆಂದುಕೊಂಡ. ಪ್ರಸಾದಕ್ಕೆ ಮೊದಲು ಮೈಕಿನಲ್ಲಿ ಹೇಳಿಯೇಬಿಟ್ಟ. ಇನ್ನೂರು ಜನ ಚಪ್ಪಾಳೆ ತಟ್ಟಿದರು. ಆ ಹಾಲಿನ ಮೈಕಿನಲ್ಲಿ ಅಡಿವೆಪ್ಪ ಎಂಬ ಹೆಸರು ಕೇಳಿದ್ದು ಅದೇ ಮೊದಲು.

ಆ ವಾರ ಇಂಡಿಯನ್ ಗ್ರೋಸರಿಯಲ್ಲಿ ಇಬ್ಬರು ಹೆಂಗಸರು ನಿಂತು ನಮಸ್ಕಾರ ಮಾಡಿದರು. ಗುರುತಿಲ್ಲದ ಹುಡುಗನೊಬ್ಬ ಅವರ ಸಾಮಾನಿನ ಗಾಡಿಯನ್ನು ಕಾರಿನವರೆಗೆ ತಳ್ಳಿಕೊಟ್ಟ. ರಾತ್ರಿ ಊಟಕ್ಕೆ ಅವರು ಒಂದು ರೊಟ್ಟಿ ಹೆಚ್ಚು ಕೇಳಿದರು. ಮಾಡಿದ ಸೇವೆಯನ್ನು ಮನೆಯವರಿಗೂ ಹೇಳಲಿಲ್ಲವಲ್ಲ ಎಂದು ವಿಜಯಶ್ರೀ ಕಣ್ಣಲ್ಲಿ ನೀರು ತಂದುಕೊಂಡಳು. ಮಗಳ ಎದುರು ಸತ್ಯ ಹೇಳುವುದು ಆಗ ಇನ್ನಷ್ಟು ಕಷ್ಟವಾಯಿತು.

ಮೊಮ್ಮಗಳು ತನ್ವಿ ಬರ್ಕ್ಲಿಯಲ್ಲಿ ಫಿಲಾಸಫಿ ಓದುತ್ತಾಳೆ. ವಾರದ ಕೊನೆಗೆ ಮನೆಗೆ ಬರುತ್ತಾಳೆ. ಈ ಸಲ ಯಾವುದರ ಮೇಲೆ ಬರೆಯುತ್ತಿದ್ದೀ ಎಂದು ಅವರು ಕೇಳಿದರು. ಅವಳು ಅರ್ಧ ಕನ್ನಡದಲ್ಲಿ, ಅರ್ಧ ಇಂಗ್ಲಿಷಿನಲ್ಲಿ ಹೇಳಿದಳು. ಮುನ್ನೂರು ವರ್ಷದ ಹಿಂದೆ ಯುರೋಪಿನ ಪಂಡಿತರಲ್ಲಿ ಒಂದು ದೊಡ್ಡ ಜಗಳವಿತ್ತಂತೆ. ನಾಲ್ಕು ಜನ ಒಳ್ಳೆಯವನೆನ್ನಲಿ ಎಂದು ಮಾಡಿದ ಒಳ್ಳೆಯ ಕೆಲಸ ಒಳ್ಳೆಯದೋ ಅಲ್ಲವೋ ಎಂದು. ಮನುಷ್ಯರನ್ನು ಪಳಗಿಸಲು ಹೊಗಳಿಕೆಗಿಂತ ಅಗ್ಗದ ಬೆಲ್ಲ ಬೇರಿಲ್ಲ ಎಂದು ಕೆಲವರು ನಕ್ಕರಂತೆ. ಆ ಆಸೆಯಿಲ್ಲದಿದ್ದರೆ ಅರ್ಧ ಪುಣ್ಯದ ಕೆಲಸಗಳು ಆಗುತ್ತಲೇ ಇರಲಿಲ್ಲ ಎಂದು ಬೇರೆಯವರು. ಹೊಗಳಿಕೆ ಬೇಕೆನ್ನುವುದು ಒಂದು, ಹೊಗಳಿಕೆಗೆ ತಕ್ಕವನಾಗಬೇಕೆನ್ನುವುದು ಇನ್ನೊಂದು ಎಂದು ಮತ್ತೆ ಕೆಲವರು.

ಅಡಿವೆಪ್ಪನವರು, ಮಾಡದ ಕೆಲಸಕ್ಕೆ ಹೊಗಳಿಸಿಕೊಂಡವನಿಗೆ ಅವರು ಏನೆನ್ನುತ್ತಾರೆ ಎಂದು ಕೇಳಿದರು.

"ಅದು ಬೇರೆಯವರ ಲೆಟರ್ ನಿಮ್ಮ ಅಡ್ರೆಸ್‌ಗೆ ಬಂದ ಹಾಗೆ, ಅಜ್ಜಾ," ಎಂದಳು ತನ್ವಿ. "ಓದಬಹುದು. ಬಟ್ ಇಟ್ಸ್ ನಾಟ್ ಟು ಯೂ."

ಮರುದಿನ ಪೂಜೆಗೆ ಕುಳಿತಾಗ ಅವರಿಗೆ ಒಂದು ದಾರಿ ತೋರಿತು. ಕಾಗದ ಬಂದಾಗಿದೆ, ತಾನೇ ಅದಕ್ಕೆ ತಕ್ಕವನಾಗಿಬಿಟ್ಟರೆ? ಇನ್ನು ಮುಂದೆ ನಿಜವಾಗಿಯೂ ತಾನೇ ಜೋಡಿಸಿದರೆ ಸುಳ್ಳು ಸುಳ್ಳಾಗಿ ಉಳಿಯುವುದಿಲ್ಲ. ಫೆಬ್ರವರಿಯಲ್ಲಿ ಮೂರನೆಯ ಹಾಡಿಗೇ ಹೊರಗೆ ಬಂದರು. ಎಲ್ಲವೂ ಆಗಲೇ ಸಾಲಾಗಿದ್ದವು. ಮೊಗಸಾಲೆಯಲ್ಲಿ ಯಾರೂ ಇರಲಿಲ್ಲ. ಒಂದು ಜೋಡಿಯನ್ನು ಎತ್ತಿ ಅಲ್ಲೇ ಇಟ್ಟರು. ಒಳಗೆ ಹೋಗುವಾಗ ದಾರಿಬಿಟ್ಟವರ ನಮಸ್ಕಾರ ಅವರಿಗೆ ಭಾರವಾಯಿತು.

ಮಾರ್ಚಿನಲ್ಲಿ ಗಣಪತಿಯ ಹಾಡು ಮುಗಿಯುವ ಮುನ್ನವೇ ಎದ್ದರು. ಈ ಸಲ ಮೊಗಸಾಲೆಯಲ್ಲಿ ಒಬ್ಬ ಹೆಂಗಸು ಸೆರಗು ಸಿಕ್ಕಿಸಿಕೊಂಡು ಕುಕ್ಕರಗಾಲಿನಲ್ಲಿ ಕೂತಿದ್ದಳು. ಗುಲಾಬಿ. ಕಾರ್ಕಳದ ಕಡೆಯವರು, ಮಗನ ಸಂಸಾರದ ಜೊತೆ ಫಾಸ್ಟರ್ ಸಿಟಿಯಿಂದ ಬರುವವರು. ಮನೆಯಲ್ಲಿ ತುಳು, ಇಲ್ಲಿ ಕನ್ನಡ, ಎರಡೂ ಕಡೆ ಮಾತು ಕಡಿಮೆ. ಅವರನ್ನು ನೋಡಿ ಆಕೆ ಏಳಲಿಲ್ಲ.

"ಬನ್ನಿ, ಬನ್ನಿ. ಹೆಸರಿನವರು ಬಂದ್ರು. ಇನ್ನು ಕೆಲಸ ಬೇಗ ಆಗ್ತದೆ."

ಅಡಿವೆಪ್ಪನವರು ಮೆಟ್ಟಿಲ ಮೇಲೆ ಕುಳಿತರು. ಮೊಣಕಾಲಿನ ನೋವು ಒಂದು ನೆಪ.

"ಅಕ್ಕಾರ, ಆವತ್ತ ನಾ ಬಂದದ್ದು ನನ್ನ ಚಪ್ಪಲಿ ನೋಡಾಕ್ರೀ. ಮಳಿಗೆ ತೋಯ್ತಾವ ಅಂತ."

"ಗೊತ್ತುಂಟು. ನಿಮ್ಮದನ್ನ ಗೋಡೆ ಬದಿಗೆ ಇಟ್ಟದ್ದೇ ನಾನಲ್ವಾ." ಗುಲಾಬಿ ಎರಡು ಶೂ ಎತ್ತಿ ಧೂಳು ಕೊಡವಿದರು. "ಮೂರು ವರ್ಷ ಯಾರೂ ಕೇಳ್ಲಿಲ್ಲ. ದೇವರು ನೋಡ್ತಾನೆ, ಸಾಕು ಅಂತ ನಾನೂ ಅಂದ್ಕೊಂಡಿದ್ದೆ. ಆವತ್ತು ಒಳಗೆ ನಿಮ್ಮ ಹೆಸರು ಕರೆದ್ರಲ್ಲ, ನಾನೂ ಚಪ್ಪಾಳೆ ತಟ್ಟಿದೆ ಮಾರಾಯ್ರೇ. ಕೈ ಆಗಷ್ಟೇ ತೊಳೆದು ಬಂದಿದ್ದೆ, ಒದ್ದೆ ಇತ್ತು. ಆಗ ಗೊತ್ತಾಯ್ತು, ಯಾರಾದ್ರೂ ಕೇಳ್ಲಿ ಅಂತ ಕಾದಿದ್ದೆ ಅಂತ."

ಎಲ್ಲರಿಗೂ ಹೇಳಿಬಿಡುತ್ತೇನೆ ಎಂದರು ಅಡಿವೆಪ್ಪನವರು. ಗುಲಾಬಿ ಅದನ್ನು ಒಪ್ಪಲಿಲ್ಲ.

"ಹೇಳಿದ್ರೆ ಲಾಭ ನಿಮ್ಗೇ. ಈಗ ಚಪ್ಪಲಿ ಜೋಡಿಸಿದ ಹೆಸರು, ಆಮೇಲೆ ಸತ್ಯ ಹೇಳಿದ ಹೆಸರು. ನಂಗೆಂಥ ಸಿಗ್ತದೆ? ಪಾಪ ಅಂತ ಒಂದು ಮಾತು."

ಅಡಿವೆಪ್ಪನವರು ಬಗ್ಗಿ ಹತ್ತಿರದ ಜೋಡಿಯನ್ನು ಎತ್ತಿಕೊಂಡರು. ಅಂದಿನಿಂದ ಇಬ್ಬರೂ ಸೇರಿ ಜೋಡಿಸತೊಡಗಿದರು. ಅಡಿವೆಪ್ಪನವರು ಮೊಗಸಾಲೆಯನ್ನು ಬಸ್ ಸ್ಟ್ಯಾಂಡಿನ ಹಾಗೆ ಭಾಗ ಮಾಡಿದರು. ಸಂಸಾರಸ್ಥರು ಒಂದನೇ ಪ್ಲಾಟ್‌ಫಾರ್ಮ್, ಬೇಗ ಹೊರಡುವವರು ಬಾಗಿಲ ಹತ್ತಿರ. ಗುಲಾಬಿ ನಗುತ್ತಿದ್ದರು. ಯಾವ ಶೂ ಯಾರದೆಂದು ಆಕೆಗೆ ಗೊತ್ತಿತ್ತು: ಒಂದೇ ಕಡೆ ಸವೆದ ಹಿಮ್ಮಡಿ ಯಾರದು, ಮಗುವಿನ ಕಾಲು ಯಾವಾಗ ದೊಡ್ಡದಾಯಿತು, ಯಾರ ಮನೆಯಲ್ಲಿ ಈಗ ಒಂದು ಜೋಡಿ ಕಡಿಮೆ. ಇಷ್ಟು ವರ್ಷ ಬಸ್ಸುಗಳನ್ನು ಕಂಡ ತಾನು ಅವುಗಳಲ್ಲಿ ಕೂತವರನ್ನು ಕಾಣಲಿಲ್ಲವಲ್ಲ ಎಂದು ಅಡಿವೆಪ್ಪನವರಿಗೆ ಅನ್ನಿಸಿತು.

ಜೂನ್ ತಿಂಗಳಲ್ಲಿ ವರ್ಷದ ಸಭೆ. ಅಂದು ಅಡಿವೆಪ್ಪನವರಿಗೆ ಶಾಲು ಹೊದಿಸಿ ಸನ್ಮಾನ ಮಾಡುವುದೆಂದು ಗೊತ್ತಾಗಿತ್ತು. ವಿಜಯಶ್ರೀ ಆಫೀಸಿನ ಗೆಳತಿಯರನ್ನೂ ಕರೆದಿದ್ದಳು. ಒಂದು ವಾರ ಅಡಿವೆಪ್ಪನವರಿಗೆ ಊಟ ಸೇರಲಿಲ್ಲ. ಸುಮ್ಮನಿದ್ದರೆ ಶಾಲು ಹೆಗಲ ಮೇಲೆ ಕಳವಿನ ಮಾಲಿನಂತೆ ಇರುತ್ತದೆ. ಹೇಳಿದರೆ ಮಗಳು ತಲೆ ತಗ್ಗಿಸುತ್ತಾಳೆ. ನಾಲ್ಕು ವರ್ಷ ಕಾದು ಬಂದ ಹೆಸರು ಹೋಗುತ್ತದೆ. ಹೇಳಿಯೂ ಹೆಸರು ಉಳಿದರೆ, ಗುಲಾಬಿ ಅಂದದ್ದೇ ಸರಿಯಾಗುತ್ತದೆ. ದೇವರ ಮುಂದೆ ಕುಳಿತು ನೋಡಿದರು. ದೇವರು ಎಂದಿನ ಹಾಗೆ ತೀರ್ಮಾನವನ್ನು ಅವರಿಗೇ ಬಿಟ್ಟಿದ್ದ.

ಸಭೆಯ ದಿನ ಹೆಸರು ಕರೆದರು. ಶಾಲು ಹೊದಿಸುವ ಮೊದಲೇ ಅವರು ಕೈ ಚಾಚಿ ಮೈಕು ಕೇಳಿದರು.

"ನಾ ಬಾಗಲಕೋಟಿ ಬಸ್ ಸ್ಟ್ಯಾಂಡಿನ್ಯಾಗ ಮೈಕಿನಾಗ ಒದರಾಂವ ಇದ್ದೆ. ಒದರಾಂವ ನಾನು, ಬಸ್ ಓಡಸಾಂವ ಬ್ಯಾರೆ. ಇಲ್ಲೂ ಹಂಗ ಆಗೇತಿ. ಮೂರು ವರ್ಷ ನಿಮ್ಮ ಕಾಲ್ಮರಿ ಜೋಡಿಸಿದವ್ರು ಗುಲಾಬಿ ಅಕ್ಕಾರು. ನಾ ಆವತ್ತ ನನ್ನ ಚಪ್ಪಲಿ ನೋಡಾಕ ಬಂದಿದ್ದೆ. ಸುಮ್ಮನ ಹೊಗಳಿಸಿಕೊಂಡೆ. ಅವರ ಕೈಕೆಳಗ ಕೆಲಸಾ ಕಲ್ಯಾಕ ಹತ್ತಿದ್ದು ಮೊನ್ನೆ ಮಾರ್ಚಿನಿಂದ. ನಿಮ್ಮ ಚಪ್ಪಲಿ ನೋಡಿ ನಿಮ್ಮ ಸುಖ ದುಃಖ ಹೇಳ್ತಾರ ಅವರು. ಹೋಗಿ ಕೇಳ್ರಿ."

ವಿಜಯಶ್ರೀ ಮಡಿಲಲ್ಲಿದ್ದ ಫೋನನ್ನು ಮಗುಚಿಟ್ಟಳು. ಆಮೇಲೆ ಚಪ್ಪಾಳೆ, ಜನವರಿಗಿಂತ ಜೋರು. ಇಂಥ ಸತ್ಯವಂತರು ಸಿಗುವುದು ಅಪರೂಪ ಎಂದ ಕಿರಣಕುಮಾರ. ಅಡಿವೆಪ್ಪನವರಿಗೆ ಎದೆಯಲ್ಲಿ ಅದೇ ಸಿಹಿ ಎದ್ದಿತು. ಎದ್ದದ್ದನ್ನು ಅವರು ಕಂಡರು. ತಡೆಯಲೂ ಇಲ್ಲ, ಸವಿಯುತ್ತ ಕೂರಲೂ ಇಲ್ಲ. ಯಾರೋ ಹೊರಗೆ ಓಡಿ ಗುಲಾಬಿಯನ್ನು ಕರೆತಂದರು. ಆಕೆ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದರು. ಶಾಲು ಆಕೆಯ ಹೆಗಲಿಗೆ ಹೋಯಿತು. ಪಾಪ ಎಂದವರು ಇದ್ದರು. ಆದರೆ ಊಟದ ಹೊತ್ತಿಗೆ ಹತ್ತು ಹೆಂಗಸರು ಸುತ್ತ ಕೂತು, ನನ್ನದು ಯಾವುದು ಹೇಳಿ, ನನ್ನದು ಹೇಳಿ ಎಂದು ಕೇಳುತ್ತಿದ್ದರು. ಮಾತು ಕಡಿಮೆಯ ಗುಲಾಬಿ ಅಂದು ಪ್ರಸಾದ ಆರುವವರೆಗೂ ಮಾತಾಡಿದರು.

ಹಿಂದಿರುಗುವಾಗ ವಿಜಯಶ್ರೀ ಕಾರು ಓಡಿಸುತ್ತಿದ್ದಳು. ಮನೆ ಹತ್ತಿರವಾದಾಗ ಒಂದು ಕೈಯನ್ನು ಅಪ್ಪನ ಕೈ ಮೇಲಿಟ್ಟಳು. ಹಿಂದಿನ ಸೀಟಿನಿಂದ ತನ್ವಿ ಕೇಳಿದಳು.

"ಅಜ್ಜಾ, ಕ್ಲ್ಯಾಪ್ ಮಾಡ್ತಾರೆ ಅಂತ ಗೊತ್ತಿತ್ತಾ?"

"ಮಾಡಬಹುದು ಅಂತ ಅನ್ನಿಸಿತ್ತವ್ವಾ."

"ದೆನ್ ವೈ?"

"ಅಷ್ಟಕ್ಕ ಅಂಜಿ ಸುಮ್ಮನ ಕೂತ್ರ ಅಕ್ಕಾರ ಹೆಸರು ನನ್ನ ಕಡೀನ ಉಳೀತಿತ್ತಲ್ಲ."

ಜುಲೈ ಭಜನೆಗೆ ಅಡಿವೆಪ್ಪನವರು ಬೇಗ ಬಂದು ಮೊಗಸಾಲೆಯಲ್ಲಿ ನಿಂತರು. ಬಂದವರೆಲ್ಲ ಬಗ್ಗಿ, ತಮ್ಮ ತಮ್ಮ ಜೋಡಿಯನ್ನು ತಾವೇ ಸರಿಯಾಗಿಟ್ಟು, ಮೂತಿ ಹೊರಕ್ಕೆ ತಿರುಗಿಸಿ, ಅಕ್ಕಪಕ್ಕದವರು ನೋಡಿದರೇ ಎಂದು ಒಮ್ಮೆ ನೋಡಿ, ಒಳಗೆ ಹೋದರು. ತಡವಾಗಿ ಬಂದವರೂ ಹಾಗೆಯೇ. ಗಣಪತಿಯ ಹಾಡು ಶುರುವಾದಾಗ ಮೊಗಸಾಲೆಯಲ್ಲಿ ಒಂದೂ ಅಡ್ಡಾದಿಡ್ಡಿಯಿರಲಿಲ್ಲ. ಗುಲಾಬಿ ಕಾರಿನಿಂದ ಇಳಿದು ಬಂದು ಸೆರಗು ಸಿಕ್ಕಿಸಿಕೊಂಡವರು ಸಾಲಿನ ಉದ್ದಕ್ಕೂ ನೋಡಿದರು. ಸೆರಗು ಬಿಡಿಸಿಕೊಳ್ಳಲು ಸ್ವಲ್ಪ ಹೊತ್ತು ಹಿಡಿಯಿತು.

"ಒಳ್ಳೇದೇ ಆಯ್ತಲ್ವಾ," ಎಂದರು.

ಹೌದೆಂದರು ಅಡಿವೆಪ್ಪನವರು. ಆಕೆ ಮೆಟ್ಟಿಲ ಮೇಲೆ ಕೂತು ಕೈಗಳನ್ನು ಮಡಿಲಲ್ಲಿಟ್ಟುಕೊಂಡರು. ಒಳಗೆ ತಾಳದ ಸದ್ದು ಏರಿತು. ಅಡಿವೆಪ್ಪನವರು ಒಳಗೆ ಹೊರಟು ಬಾಗಿಲ ಹತ್ತಿರ ಚಪ್ಪಲಿ ಕಳಚಿದರು. ಒಂದನ್ನು ಬಾಗಿಲಿಗೆ ಅಡ್ಡವಾಗಿ, ಇನ್ನೊಂದನ್ನು ಮಗುಚಿ ಬಿಟ್ಟು, ಹಿಂದಿರುಗಿ ನೋಡದೆ ಹೋಗಿ ಜಮಖಾನೆಯ ಮೇಲೆ ಕೂತು ಕಣ್ಣು ಮುಚ್ಚಿ ಭಜನೆಗೆ ದನಿಗೂಡಿಸಿದರು.

ಪ್ರಸಾದ ಮುಗಿಸಿ ಹೊರಗೆ ಬಂದಾಗ ಅವು ಗೋಡೆಯ ಬದಿಗೆ, ಮೂತಿ ಹೊರಕ್ಕೆ ಮಾಡಿಕೊಂಡು, ಜೋಡಿಯಾಗಿ ಕೂತಿದ್ದವು.